ಅರ್ಧ ನಿಮಿಷದ ನಿಲುಗಡೆ

ನಾನು ಹುಟ್ಟಾ ಅಂಜುಬುರುಕಿ. ಸವಣೂರಿನ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದವಳು, ಶಿಗ್ಗಾಂವಿಯ ಹೈಸ್ಕೂಲಿನಲ್ಲಿ ಉತ್ತರ ಗೊತ್ತಿದ್ದೂ ಕರಿಹಲಗೆಯ ಮುಂದೆ ಗಡಗಡ ನಡುಗಿದವಳು. ಆ ಹೆದರಿಕೆಯೇ ಮುಂದೆ ನನಗೆ ಅನ್ನ ಕೊಟ್ಟಿತು. ಹೆದರುವವರು ಒಂದನ್ನು ಹತ್ತು ಸಲ ನೋಡುತ್ತಾರೆ. ಅರವತ್ತರ ದಶಕದ ನಡುವೆ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯಲು ಅಂಥವರೇ ಬೇಕಾಗಿತ್ತು. ನಾನು ಹತ್ತು ಸಲ ನೋಡದೆ ಹೋದದ್ದು ಒಂದೇ ಸಲ. ಆ ಒಂದು ಸಲದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಪ್ಪ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದ. ಕೇಳಿದವರಿಗೆಲ್ಲ, "ನಮ್ಮ ಹುಡುಗಿ ಮುಂಬೈದಾಗ ಲೆಕ್ಕದ ಮಷೀನ ಕಾಯ್ತಾಳ" ಎನ್ನುತ್ತಿದ್ದ, ದನ ಕಾಯುವ ಕೆಲಸವನ್ನು ಹೇಳುವಷ್ಟೇ ಸಲೀಸಾಗಿ. ನಾನು ಸಿಟ್ಟಾಗುತ್ತಿದ್ದೆ. ಈಗ ಯೋಚಿಸಿದರೆ ಅಪ್ಪ ಹೇಳಿದ್ದು ಅಷ್ಟೇನೂ ತಪ್ಪಾಗಿರಲಿಲ್ಲ.

ಆ ಯಂತ್ರ ಈಗಿನ ಹಾಗೆ ಮೇಜಿನ ಮೇಲೆ ಕೂರುವಂಥದ್ದಲ್ಲ. ದೊಡ್ಡ ಹಾಲಿನ ತುಂಬ ಕಬ್ಬಿಣದ ಕಪಾಟುಗಳು. ನಡುವೆ ಒಂದು ಕನ್ಸೋಲು, ಅದರ ಮೇಲೆ ಸಾಲು ಸಾಲು ಸ್ವಿಚ್ಚು ಮತ್ತು ದೀಪ. ಪ್ರೋಗ್ರಾಮಿನ ಒಂದೊಂದು ಆಜ್ಞೆಯೂ ಯಂತ್ರದೊಳಗೆ ಒಂದೊಂದು ನಂಬರಿನ ಮನೆಯಲ್ಲಿ ಕೂತಿರುತ್ತಿತ್ತು. ಯಂತ್ರ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತ ಅಲ್ಲಿ ಹೇಳಿದ್ದನ್ನು ಮಾಡುತ್ತಿತ್ತು. ಎಲ್ಲಿ ತಪ್ಪಾಗುತ್ತಿದೆ ಎಂದು ಹುಡುಕಬೇಕಾದರೆ ಅನುಮಾನ ಬಂದ ಮನೆಯ ನಂಬರನ್ನು ಸ್ವಿಚ್ಚುಗಳಲ್ಲಿ ಇಡಬೇಕು. ಯಂತ್ರ ಆ ಮನೆಯ ಹೊಸ್ತಿಲಿಗೆ ಬಂದ ಕೂಡಲೇ ಒಳಗಿನ ತಂತಿಗಳೇ ಅದನ್ನು ಹಿಡಿದು ನಿಲ್ಲಿಸುತ್ತಿದ್ದವು, ಕೆಂಪು ದೀಪ ಹೊತ್ತುತ್ತಿತ್ತು. ಅದಕ್ಕೆ ನಾವು ನಿಲುಗಡೆ ಎನ್ನುತ್ತಿದ್ದೆವು. ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಯಂತ್ರ ನಿಂತೇ ಇರುತ್ತಿತ್ತು. ಅಷ್ಟು ಹೊತ್ತೂ ಮಿಕ್ಕವರು ತಮ್ಮ ಪ್ರೋಗ್ರಾಮನ್ನು ತೂತುಗಳಲ್ಲಿ ಬರೆದ ಕಾರ್ಡುಗಳ ಕಟ್ಟು ಹಿಡಿದುಕೊಂಡು, ನಿಲ್ಲಿಸಿದವರ ಬೆನ್ನನ್ನು ದುರುಗುಟ್ಟಿ ನೋಡುತ್ತ ಕಾಯಬೇಕಿತ್ತು.

ನಮ್ಮ ಮುಖ್ಯಸ್ಥರಿಗೆ ಈ ಕಾಯುವಿಕೆ ಸಾಕಾಗಿ ಹೋಗಿತ್ತು. ಯಂತ್ರದೊಳಗೆ ಸದಾ ಇರುವ, ಉಳಿದೆಲ್ಲ ಪ್ರೋಗ್ರಾಮುಗಳ ಮೇಲೆ ಯಜಮಾನಿಕೆ ನಡೆಸುವ ಒಂದು ಪ್ರೋಗ್ರಾಮು ಇತ್ತು. ನಾವು ಅದನ್ನು ಮೇಲ್ವಿಚಾರಕ ಎನ್ನುತ್ತಿದ್ದೆವು. ನಿಲುಗಡೆಗೆ ಬಂದಾಗ ಯಂತ್ರ ಸತ್ತ ಹಾಗೆ ನಿಲ್ಲುವುದು ಬೇಡ, ತಂತಿಗಳು ಮೇಲ್ವಿಚಾರಕನನ್ನು ಕರೆಯಲಿ, ಅವನು ಬಂದು ಆ ಕ್ಷಣದಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಟೈಪ್‌ರೈಟರಿನಲ್ಲಿ ಅಚ್ಚು ಹಾಕಿ, ನಿಂತ ಪ್ರೋಗ್ರಾಮನ್ನು ತಾನೇ ಮುಂದೆ ಕಳಿಸಲಿ ಎಂದು ಅವರು ಹೇಳಿದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾಲ್ಕು ತಿಂಗಳು ಒದ್ದಾಡಿದೆ. ಮುಂದೆ ಹೋಗು ಎಂದು ಬಿಟ್ಟರೆ ಯಂತ್ರ ಕಾಲಿಡುತ್ತಿದ್ದುದು ಅದೇ ಮನೆಗೆ. ತಂತಿಗಳು ಮತ್ತೆ ಹಿಡಿಯುತ್ತಿದ್ದವು, ಮತ್ತೆ ಅಚ್ಚು, ಮತ್ತೆ ಅದೇ ಹೊಸ್ತಿಲು. ಆ ಒಂದು ಹೆಜ್ಜೆಯ ಮಟ್ಟಿಗೆ ತಂತಿಗಳ ಕಣ್ಣು ಮುಚ್ಚಿಸಿ ದಾಟಿಸುವ ಉಪಾಯ ಹೊಳೆಯುವ ಹೊತ್ತಿಗೆ ನನಗೆ ಊಟ ಸೇರದಂತಾಗಿತ್ತು. ಕೊನೆಗೆ ಎಲ್ಲ ಸರಿಹೋಯಿತು. ಟೈಪ್‌ರೈಟರು ನಿಧಾನದ್ದಾದ್ದರಿಂದ ಯಂತ್ರ ಸುಮಾರು ಅರ್ಧ ನಿಮಿಷ ನಿಲ್ಲುತ್ತಿತ್ತು. ಕೆಂಪು ದೀಪ ಹೊತ್ತಿರುತ್ತಿತ್ತು. ಅಚ್ಚು ಮುಗಿಯುತ್ತಲೇ ದೀಪ ಆರಿ, ಯಾರೂ ಮುಟ್ಟದೆಯೇ ಯಂತ್ರ ತಾನಾಗಿ ಹೊರಡುತ್ತಿತ್ತು. ಮೊದಲ ಸಲ ಅದು ಹಾಗೆ ಹೊರಟಾಗ ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ನಾನು ಒಳಗೊಳಗೇ ಉಬ್ಬಿಹೋದೆ.

ಆ ಬದಲಾವಣೆ ಯಂತ್ರದೊಳಗೆ ಕೂತದ್ದು ಒಂದು ಶನಿವಾರ ಮಧ್ಯಾಹ್ನ. ಹಿರೇಕೆರೂರಿಗೆ ಕೊಟ್ಟಿದ್ದ ಅಕ್ಕ ಹೆರಿಗೆಗೆಂದು ಸವಣೂರಿಗೆ ಬಂದಿದ್ದಳು. ಮಂಗಳವಾರ ಮಗುವನ್ನು ತೊಟ್ಟಿಲಿಗೆ ಹಾಕುವವರಿದ್ದರು. ಆ ಶನಿವಾರ ಸಂಜೆಯ ರೈಲಿಗೇ ನಾನು ಹೊರಡಬೇಕಿತ್ತು.

ನಮ್ಮ ಹಾಲಿನಲ್ಲಿ ಒಂದು ಪದ್ಧತಿಯಿತ್ತು. ಯಂತ್ರದ ನಡವಳಿಕೆಯಲ್ಲಿ ಏನನ್ನು ಬದಲಿಸಿದರೂ ಅದನ್ನು ಒಂದು ಕೆಂಪು ಕಾರ್ಡಿನಲ್ಲಿ ಬರೆದು, ದಾರ ಪೋಣಿಸಿ, ಸಂಬಂಧಪಟ್ಟ ಸ್ವಿಚ್ಚಿಗೇ ನೇತುಹಾಕಬೇಕು. ಸ್ವಿಚ್ಚು ಮುಟ್ಟುವವರು ಮೊದಲು ಕಾರ್ಡನ್ನು ಮುಟ್ಟಲೇಬೇಕು. ಹೀಗಾಗಿ ಯಾರೂ ಯಾರಿಗೂ ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಪ್ರೋಗ್ರಾಮು ಬರೆಯುವ ನಮಗಂತೂ ಮೆಕ್ಯಾನಿಕರ ಜೊತೆ ಮಾತಾಡುವುದೆಂದರೆ ಸ್ವಲ್ಪ ಘನತೆಗೆ ಕಡಿಮೆ ಅನ್ನಿಸುತ್ತಿತ್ತು. ನಾನು ಕಾರ್ಡು ಬರೆದೆ, ದಾರವನ್ನೂ ಪೋಣಿಸಿದೆ. ಅಷ್ಟರಲ್ಲಿ ಯಾರೋ ಟ್ಯಾಕ್ಸಿ ಬಂತೆಂದರು, ಓಡಿದೆ.

ರೈಲು ಬದಲಿಸುತ್ತ, ಭಾನುವಾರ ಮಧ್ಯಾಹ್ನ ಯಲವಿಗಿಯಲ್ಲಿ ಇಳಿದು, ಟಾಂಗಾದಲ್ಲಿ ಮನೆ ಸೇರಿದೆ. ಮಗು ಅಕ್ಕನ ಮಡಿಲಲ್ಲಿ ಮುಷ್ಟಿ ಕಟ್ಟಿ ಮಲಗಿತ್ತು. ಅವ್ವನ ತವರು ಹಾನಗಲ್ಲಿನಿಂದ ಅವಲಕ್ಕಿಯ ಚೀಲ ಬಂದಿತ್ತು. ಬಿಸಿನೀರು ಹಾಕಿಕೊಂಡು ಬಂದು ಚಹಾ ಕುಡಿಯುತ್ತಿದ್ದವಳ ಮುಂದೆ ಅವ್ವ ಜೋಳದ ಬುಟ್ಟಿ ತಂದಿಟ್ಟಳು.

"ಮುಂಬೈದಾಗ ಅಷ್ಟ ದೊಡ್ಡ ಮಷೀನ ನಡಸ್ತಿಯಂತ. ಇಲ್ಲಿ ಗಿರಣಿಗೆ ಹೋಗಿ ಒಂದೀಟು ಹಿಟ್ಟ ಬೀಸಿಸಿಕೊಂಡು ಬರಾಕ ಆಗ್ತೈತಿಲ್ಲೋ?"

ನಕ್ಕು ಬುಟ್ಟಿ ಎತ್ತಿಕೊಂಡೆ. ಹಿಟ್ಟಿನ ಗಿರಣಿ ಎರಡು ಓಣಿ ಆಚೆಗಿತ್ತು. ಎಣ್ಣೆಯ ಎಂಜಿನ್ನು ಹೊರಗೆ ಡುಗುಡುಗು ಎನ್ನುತ್ತಿತ್ತು, ಅಲ್ಲಿಂದ ಒಂದು ಉದ್ದನೆಯ ಪಟ್ಟಾ ಗೋಡೆಯ ಕಿಂಡಿಯಲ್ಲಿ ಹಾಯ್ದು ಒಳಗಿನ ಬೀಸುಕಲ್ಲನ್ನು ತಿರುಗಿಸುತ್ತಿತ್ತು. ನನ್ನ ಪಾಳಿ ಬರುವಷ್ಟರಲ್ಲಿ ಕಲ್ಲಿನ ಬಾಯಿಯಲ್ಲಿ ಏನೋ ಸಿಕ್ಕಿಕೊಂಡಿತು. ಗಿರಣಿಯವನು ಪಟ್ಟಾವನ್ನು ಕಲ್ಲಿಗೆ ಸೇರದ ಖಾಲಿ ಗಾಲಿಗೆ ಸರಿಸಿದ. ಕಲ್ಲು ನಿಂತಿತು. ಆದರೂ ಅವನು ಕೈ ಹಾಕಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು, ಪಟ್ಟಾ ತಾನಾಗಿ ವಾಪಸು ಜಾರದ ಹಾಗೆ, ಅದನ್ನು ಸರಿಸುವ ಕೋಲನ್ನು ಗೂಟಕ್ಕೆ ಬಿಗಿದು ಕಟ್ಟಿದ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿದ.

"ಯಾರೂ ಪಟ್ಟಾ ಮುಟ್ಟಬ್ಯಾಡ್ರಿ, ಒಳಗ ಕೈ ಹಾಕಾಕತ್ತೇನಿ."

ಹಾಗೆಂದು ಮೊಣಕೈವರೆಗೆ ತೋಳನ್ನು ಒಳಗಿಳಿಸಿದ. ನಾನು ನೋಡುತ್ತ ನಿಂತಿದ್ದೆ. ನೋಡುತ್ತಿದ್ದಂತೆ ನನ್ನ ಅಂಗೈ ತಣ್ಣಗಾಯಿತು. ಯಾಕೆಂದು ಮೊದಲು ತಿಳಿಯಲಿಲ್ಲ. ಮೈಗೆ ತಿಳಿದ ಮೇಲೆ ತಲೆಗೆ ತಿಳಿಯಿತು.

ನಮ್ಮ ಹಾಲಿನಲ್ಲಿ ಕಾರ್ಡುಗಳಿಗೆ ತೂತು ಹೊಡೆಯುವ ಒಂದು ಯಂತ್ರ ಕಂಪ್ಯೂಟರಿಗೆ ಜೋಡಿಸಿತ್ತು. ಸಾಲಾಗಿ ಎಂಬತ್ತು ಉಕ್ಕಿನ ಹಲ್ಲುಗಳು. ಏಟು ಬಿದ್ದರೆ ದಪ್ಪ ಕಾರ್ಡು ಬೆಣ್ಣೆಯ ಹಾಗೆ ತೂತಾಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಕೊಂಕಣದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಪ್ರತಿ ಸೋಮವಾರ ಹತ್ತು ಗಂಟೆಗೆ ಅವರು ಹಲ್ಲುಗಳ ಸಂದಿಯಲ್ಲಿ ಕೂತ ಕಾಗದದ ಚೂರುಗಳನ್ನು ತೆಗೆಯುತ್ತಿದ್ದರು. ಚಿಮಟಿಗೆ ಸಿಗದ್ದನ್ನು ಬೆರಳಿನಿಂದಲೇ ತಡವಿ ತೆಗೆಯುತ್ತಿದ್ದರು. ಯಾವ ಹಲ್ಲು ಸವೆದಿದೆ ಎಂದು ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಕರೆಂಟು ತೆಗೆದು ಈ ಕೆಲಸ ಮಾಡುವಂತಿರಲಿಲ್ಲ; ಕರೆಂಟು ಹೋದರೆ ಎತ್ತಿದ ಹಲ್ಲುಗಳೆಲ್ಲ ಕೆಳಗೆ ಕೂತುಬಿಡುತ್ತಿದ್ದವು. ಅದಕ್ಕೇ ಅವರು ಪರೀಕ್ಷೆಯ ಒಂದು ಪ್ರೋಗ್ರಾಮು ಹಾಕಿ, ಹಲ್ಲುಗಳು ಮೇಲಿರುವ ಕ್ಷಣಕ್ಕೆ ಸರಿಯಾಗಿ ನಿಲುಗಡೆ ಇಡುತ್ತಿದ್ದರು. ಕೆಂಪು ದೀಪ ಹೊತ್ತಿದ ಮೇಲೆ ಮುಚ್ಚಳ ತೆರೆದು ಕೈ ಹಾಕುತ್ತಿದ್ದರು. ಎರಡು ವರ್ಷದಿಂದ ನಾನೇ ನೋಡಿದ್ದೆ. ಆ ಕೆಂಪು ದೀಪವನ್ನು ಅವರು ನಂಬಿದ್ದರು.

ಈಗ ಆ ದೀಪ ಹೊತ್ತುತ್ತಿತ್ತು, ಅರ್ಧ ನಿಮಿಷ ಮಾತ್ರ. ಅಷ್ಟರಲ್ಲಿ ಅವರು ಮುಚ್ಚಳ ತೆರೆದಿರುತ್ತಾರೆ. ಬೆರಳು ಒಳಗಿರುತ್ತದೆ. ಅಚ್ಚು ಮುಗಿಯುತ್ತದೆ.

ಕಾರ್ಡು ನೇತುಹಾಕಿದ್ದೆನೋ ಇಲ್ಲವೋ? ಎಷ್ಟು ನೆನೆಸಿಕೊಂಡರೂ ಬರೆದದ್ದು ಕಣ್ಣಿಗೆ ಬರುತ್ತಿತ್ತು, ಸ್ವಿಚ್ಚಿಗೆ ನೇತುಹಾಕಿದ್ದು ಬರುತ್ತಿರಲಿಲ್ಲ. ಜೋಳದ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಓಣಿಯಲ್ಲಿ ಒಮ್ಮೆ ಮುಗ್ಗರಿಸಿದೆ. ಚೀಲ ಸುರಿದೆ. ರೈಲಿನಲ್ಲಿ ಓದಲೆಂದು ತಂದಿದ್ದ ಪುಸ್ತಕದ ನಡುವೆ ಕೆಂಪು ಕಾರ್ಡು ಇತ್ತು, ದಾರ ಸಮೇತ. ದಾರಿಯುದ್ದಕ್ಕೂ ಅದನ್ನು ಪುಟದ ಗುರುತಿಗೆ ಇಟ್ಟುಕೊಂಡು ಓದಿದ್ದೆ. ಕೈಯಲ್ಲಿ ಹಿಡಿದು ಹಿಡಿದು ನೋಡಿಯೂ ನೋಡಿರಲಿಲ್ಲ.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವ್ವ ಹಾವು ಕಡಿದಿದೆ ಎಂದೇ ತಿಳಿದಳು. ಅಪ್ಪ ತೋಟದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಅವನಿಗೆ ಹೇಗೋ ಹೇಳಿದೆ. ಸ್ವಿಚ್ಚು, ನಂಬರು, ಮೇಲ್ವಿಚಾರಕ, ಏನೊಂದೂ ಅವನಿಗೆ ತಿಳಿಯಲಿಲ್ಲ. ಗಿರಣಿಯ ಪಟ್ಟಾ ಎಂದಾಗ ಮಾತ್ರ ತಿಳಿಯಿತು.

"ಅಂದ್ರ ನೀ ಪಟ್ಟಾ ಕಟ್ಟದ ಬಂದೀದಿ. ಆ ಮನಶಾ ಕಟ್ಟೇತಿ ಅಂತ ತಿಳದು ಕೈ ಹಾಕ್ತಾನ."

"ಹೌದಪ್ಪ."

"ಯಾವಾಗ?"

"ನಾಳೆ ಹತ್ತಕ್ಕ."

"ಮಕ್ಕಳು ಎಷ್ಟು ಅವಗ?"

ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಹಾಲಿನಲ್ಲಿ ಕೆಲಸ ಮಾಡಿದ್ದೆ. ಅವರಿಗೆ ಮಕ್ಕಳಿದ್ದಾರೋ ಇಲ್ಲವೋ, ಮನೆ ಎಲ್ಲಿ, ಏನೂ ಗೊತ್ತಿರಲಿಲ್ಲ. ಅಪ್ಪ ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಇರಲಿಲ್ಲ, ಆದರೂ ನನಗೆ ನಾಚಿಕೆಯಾಯಿತು.

ರೈಲು ಹತ್ತಿ ಹೋಗಿ ಹೇಳಿಬರೋಣವೇ ಎಂದು ಕೇಳಿದ. ಈಗಲೇ ಯಲವಿಗಿಗೆ ಹೋಗಿ ರೈಲು ಹಿಡಿದರೂ ಮುಂಬಯಿ ಸೇರುವುದು ಸೋಮವಾರ ಸಂಜೆಗೆ. ಟೆಲಿಗ್ರಾಂ ಕೊಡೋಣವೆಂದು ಇಬ್ಬರೂ ಪೋಸ್ಟ್ ಮಾಸ್ತರರ ಮನೆಗೆ ಹೋದೆವು. ಅವರು ಊಟಕ್ಕೆ ಕೂತಿದ್ದರು. ಅಪ್ಪನ ಎಲೆಯನ್ನೇ ದಿನಾ ಹಾಕುವ ಮನುಷ್ಯ. ಕೈ ತೊಳೆದು ಎದ್ದು ಬಂದರು.

"ಇವತ್ತ ಐತ್ವಾರ, ತಂತಿ ಬಂದ್ ಐತ್ರಿ. ನಾಳೆ ಮುಂಜಾನೆ ಕೊಟ್ರ ಅಲ್ಲಿ ಮುಟ್ಟೂದ್ರಾಗ ಮಧ್ಯಾಹ್ನ ಆಗ್ತೈತಿ. ಅದಕಿಂತ ಟ್ರಂಕ್ ಕಾಲ್ ಛಲೋ. ಎಂಟಕ್ಕ ಬರ್ರಿ, ನಾನ ಬಾಗಲಾ ತಗೀತೇನಿ. ಹುಬ್ಬಳ್ಳಿ ಲೈನ್ ಸಿಕ್ರ ಹತ್ತರೊಳಗ ಮಾತಾಡಬಹುದು."

ಆ ರಾತ್ರಿಯ ಬಗ್ಗೆ ಬರೆಯುವುದು ಏನೂ ಇಲ್ಲ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಳೂವರೆಗೇ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತಿದ್ದೆ. ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೂರೇ ಸಾಲು: ನಿಲುಗಡೆಯಲ್ಲಿ ಯಂತ್ರ ಈಗ ನಿಂತೇ ಇರುವುದಿಲ್ಲ, ತಪ್ಪು ನನ್ನದು, ಯಾರೂ ಕೈ ಹಾಕಬೇಡಿ. ಬಾಯಿಪಾಠವೂ ಆಗಿತ್ತು.

ಪೋಸ್ಟ್ ಮಾಸ್ತರರು ಫೋನಿನ ಹಿಡಿಕೆ ತಿರುಗಿಸಿ "ಹುಬ್ಬಳ್ಳಿ, ಹುಬ್ಬಳ್ಳಿ" ಎಂದು ಕೂಗತೊಡಗಿದರು. ಎಂಟೂವರೆಗೆ ಹುಬ್ಬಳ್ಳಿ ಸಿಕ್ಕಿತು, ಮುಂಬಯಿಯ ಲೈನಿಗೆ ಕಾಯಬೇಕೆಂದಿತು. ಒಂಬತ್ತಾಯಿತು. ಟಪಾಲಿನವನು ಬಂದು ಪತ್ರಗಳಿಗೆ ಮುದ್ರೆ ಒತ್ತಲು ಕೂತ. ಒಂದೊಂದು ಮುದ್ರೆಯೂ ಧಪ್ ಎಂದು ಬೀಳುವಾಗ ನಾನು ನನ್ನ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಅಪ್ಪ ಅದನ್ನು ಕಂಡು ಟಪಾಲಿನವನಿಗೆ, "ತಮ್ಮಾ, ಸ್ವಲ್ಪ ಆಮ್ಯಾಲೆ ಹೊಡಿ" ಎಂದ. ಅವನು ಪಾಪ, ಯಾಕೆಂದು ಕೇಳದೆ ನಿಲ್ಲಿಸಿದ.

ಒಂಬತ್ತೂವರೆ. ಲೈನು ಸಿಕ್ಕಿ, ಕಡಿದುಹೋಯಿತು. ಒಂಬತ್ತು ಮುಕ್ಕಾಲು. ಅವರು ಈಗ ಬಂದಿರುತ್ತಾರೆ, ಅಂಗಿಯ ತೋಳು ಮಡಿಚುತ್ತಿರುತ್ತಾರೆ. ಒಂದು ವಾರವಾದರೂ ಅವರು ತಡವಾಗಿ ಬಂದದ್ದುಂಟೇ ಎಂದು ಹುಡುಕಿದೆ. ಇಲ್ಲ, ಒಂದು ವಾರವೂ ಇಲ್ಲ. ಚೀಟಿ ತೆಗೆದು ಮೂರು ಸಾಲನ್ನೂ ಮತ್ತೆ ಓದಿಕೊಂಡೆ. ಅಪ್ಪ ನೀರು ತಂದುಕೊಟ್ಟ.

"ಸಿಗ್ತೈತಿ, ತಡಿ" ಎಂದ.

ಹತ್ತು ಹೊಡೆಯಿತು. ನನಗೆ ಗಡಿಯಾರ ನೋಡಲು ಆಗಲಿಲ್ಲ. ಗೋಡೆಯ ಕಡೆ ತಿರುಗಿ ಕೂತೆ. ಹತ್ತರ ಮೇಲೆ ಎಷ್ಟೋ ಹೊತ್ತಿಗೆ ಪೋಸ್ಟ್ ಮಾಸ್ತರರು "ಬರ್ರಿ, ಬರ್ರಿ, ಮುಂಬೈ" ಎಂದು ಫೋನು ಚಾಚಿದರು.

ದೂರದಲ್ಲಿ ನಮ್ಮ ಮುಖ್ಯಸ್ಥರ ಧ್ವನಿ. ನಾನು ನನ್ನ ಹೆಸರು ಹೇಳಿದೆ. ವಿಷಯ ಹೇಳುವ ಮೊದಲೇ ಅವರು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದರು. ಒಳ್ಳೆಯ ಹೊತ್ತಲ್ಲ ಇದು, ಮೆಕ್ಯಾನಿಕ್‌ಗೆ ಅಪಘಾತವಾಗಿದೆ, ಬಲಗೈಯ ಎರಡು ಬೆರಳು ಹೋದವು, ಈಗಷ್ಟೇ ಆಸ್ಪತ್ರೆಗೆ ಒಯ್ದರು ಎಂದರು. ಯಂತ್ರ ನಿಂತಿತ್ತು, ದೀಪ ಹೊತ್ತಿತ್ತು ಎಂದು ಒಯ್ಯುವವರೆಗೂ ಅವನು ಒಂದೇ ಸಮನೆ ಹೇಳುತ್ತಿದ್ದ, ಯಾರಿಗೂ ನಂಬಿಕೆಯಾಗುತ್ತಿಲ್ಲ, ವಯಸ್ಸಾಯಿತು, ನೋಡದೆ ಕೈ ಹಾಕಿರಬೇಕು ಎಂದರು. ಯಂತ್ರವನ್ನು ಆರಿಸಿಟ್ಟಿದ್ದೇವೆ ಎಂದರು. ಆ ಕೆಂಪು ದೀಪವನ್ನೂ ನನ್ನ ಹೊಸ ಪ್ರೋಗ್ರಾಮನ್ನೂ ಅವರು ಇನ್ನೂ ಕೂಡಿಸಿ ನೋಡಿರಲಿಲ್ಲ. ಆಮೇಲೆ, "ನೀವು ಯಾಕೆ ಫೋನು ಮಾಡಿದಿರಿ?" ಎಂದು ಕೇಳಿದರು.

ಚೀಟಿ ನನ್ನ ಕೈಯಲ್ಲೇ ಇತ್ತು. ಮೂರು ಸಾಲಿನಲ್ಲಿ ಒಂದು ಸಾಲನ್ನು ಈಗಲೂ ಓದಬಹುದಿತ್ತು. ಆದರೆ ನನಗೆ ಅವರ ಹೆದರಿಕೆ ಬಂತು, ಕೆಲಸದ ಹೆದರಿಕೆ ಬಂತು, ಹಾಲಿನ ತುಂಬ ನನ್ನ ಬೆನ್ನು ನೋಡುವವರ ಹೆದರಿಕೆ ಬಂತು. ಹುಟ್ಟಿದಾಗಿನಿಂದ ಹೆದರಿದ್ದೆಲ್ಲ ಒಟ್ಟಿಗೆ ಬಂತು. ಚೀಟಿಯನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದೆ.

"ಎರಡು ದಿನ ರಜೆ ಜಾಸ್ತಿ ಬೇಕಾಗಿತ್ತು, ಸರ್" ಎಂದೆ.

ಸರಿ, ತೆಗೆದುಕೊಳ್ಳಿ ಎಂದರು. ಲೈನು ಕಡಿದುಹೋಯಿತು.

ಅಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಅವನು, ಪೋಸ್ಟ್ ಮಾಸ್ತರರು, ಟಪಾಲಿನವನು ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಏನಂದ್ರು? ಉಳೀತೇನು ಕೈ?" ಎಂದ ಅಪ್ಪ.

ನಾನು ತಲೆಯಾಡಿಸಿದೆ. ಅದು ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿರಲಿಲ್ಲ. ಅಪ್ಪನ ಮುಖ ಅರಳಿದ್ದನ್ನು ನೋಡಿ, "ಉಳೀತಪ್ಪ" ಎಂದೆ.

ಅಪ್ಪ ಅಲ್ಲೇ ಗೋಡೆಗೆ ಒರಗಿ, ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. ಪೋಸ್ಟ್ ಮಾಸ್ತರರು ಟಪಾಲಿನವನಿಗೆ, "ಇನ್ನ ಹೊಡಿಯೋ" ಎಂದರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಅಪ್ಪ ಹೇಳುತ್ತ ಬಂದ, ನಮ್ಮ ಹುಡುಗಿ ಇಲ್ಲಿ ಸವಣೂರಾಗ ಕುಂತು ಮುಂಬೈದಾಗ ಒಬ್ಬ ಮನಶಾನ ಕೈ ಉಳಿಸ್ಯಾಳ ಎಂದು. ಗಿರಣಿಯವನ ಮುಂದೆಯೂ ಹೇಳಿದ. ನಾನು ಹಿಂದೆ ತಲೆ ಬಗ್ಗಿಸಿ ನಡೆದೆ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು, ಮೆಚ್ಚಿದರು.

ಮನೆಯಲ್ಲಿ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದಳು. ಓಣಿಯ ಹೆಂಗಸರನ್ನೆಲ್ಲ ಕರೆದು, ಒಳಗಿನಿಂದ ಸಕ್ಕರೆಯ ಡಬ್ಬಿ ತಂದು ಒಬ್ಬೊಬ್ಬರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದಳು. ಕೊನೆಗೆ ನನ್ನ ಹತ್ತಿರ ಬಂದಳು. ನಾನು ಬಲಗೈ ಚಾಚಿ ಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.